ಚಾಮ್ ಮ್ಯೂಸಿಯಂಗೆ ನಾನು ಎರಡು ಸಲ ಹೋದೆ

ಮೊದಲ ಸಲ ಹೋದದ್ದು ಲೆಕ್ಕಕ್ಕಿಲ್ಲ. ಟೂರ್ ವ್ಯಾನಿನವರು ಕೊಟ್ಟಿದ್ದು ನಲವತ್ತು ನಿಮಿಷ. ಅಷ್ಟರಲ್ಲಿ ಇನ್ನೂರು ಚಿಲ್ಲರೆ ಫೋಟೊ ಹೊಡೆದುಕೊಂಡು ಬಂದೆ. ರಾತ್ರಿ ಹೋಟೆಲಿನಲ್ಲಿ ಕೂತು ನೋಡಿದರೆ ಯಾವ ಕಲ್ಲು ಎಲ್ಲಿಯದು ಅಂತ ಒಂದೂ ನೆನಪಿಲ್ಲ. ಅವಸರ ಅವರದ್ದು ಸರಿ, ಆದರೆ ಕಣ್ಣಿನ ಕೆಲಸವನ್ನು ಫೋನಿಗೆ ಕೊಟ್ಟವಳು ನಾನೇ ಅಲ್ವಾ? ಮರುದಿನದ ಬೀಚ್ ಬಿಟ್ಟು ಒಬ್ಬಳೇ ವಾಪಸ್ ಹೋದೆ.

ವಿಯೆಟ್ನಾಂನ ಡಾ ನಾಂಗ್ ಊರಲ್ಲಿ, ಹಾನ್ ನದಿಯ ಪಕ್ಕ, ಡ್ರ್ಯಾಗನ್ ಸೇತುವೆ ಇಳಿಯುವಲ್ಲೇ ಒಂದು ಹಳದಿ ಕಟ್ಟಡ ಇದೆ, ಅದೇ ಈ ಮ್ಯೂಸಿಯಂ. ಫ್ರೆಂಚರ ಕಾಲದ್ದು, ಬಾಗಿಲು ತೆರೆದದ್ದು 1919ರಲ್ಲಿ. ಟಿಕೆಟ್ 60,000 ಡಾಂಗ್ ಇತ್ತು. ಸೊನ್ನೆ ನೋಡಿ ಎದೆ ಧಸಕ್ ಅನ್ನಬಹುದು, ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿ ಆಸುಪಾಸು. ಮಧ್ಯ ವಿಯೆಟ್ನಾಂ ಕಡೆ ಸಾವಿರ ವರ್ಷಕ್ಕಿಂತ ಜಾಸ್ತಿ ಕಾಲ ಬಾಳಿದ, ಚಾಮ್ ಜನರ ಚಂಪಾ ರಾಜ್ಯದ ಶಿಲ್ಪಗಳು ಇಲ್ಲಿವೆ. ರಾಜರ ಹೆಸರು ಭದ್ರವರ್ಮ, ಇಂದ್ರವರ್ಮ ಅಂತ. ದೊಡ್ಡ ದೇವರು ಶಿವ. ಶಾಸನಗಳು ಸಂಸ್ಕೃತದಲ್ಲೂ ಇವೆ, ಅವರದೇ ಚಾಮ್ ಭಾಷೆಯಲ್ಲೂ ಇವೆ.

ಎರಡನೇ ಸಲ ಹೀಗೆ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಮುಂಚೆ, ಗುಂಪುಗಳು ಬರುವ ಮೊದಲೇ ಹೋದೆ. ಫೋನ್ ಬ್ಯಾಗಿನಲ್ಲಿಟ್ಟು ಇಡೀ ಮ್ಯೂಸಿಯಂ ಒಂದು ಸುತ್ತು ಸುಮ್ನೆ ನಡೆದೆ. ಆಮೇಲೆ ಮೂರೇ ಮೂರು ಕಲ್ಲು ಆರಿಸಿಕೊಂಡೆ. ಒಂದೊಂದರ ಮುಂದೆ ಅರ್ಧ ಗಂಟೆ, ಕೈಯಲ್ಲಿ ಪೆನ್ಸಿಲ್ ಮತ್ತು ನಲವತ್ತು ಪುಟದ ನೋಟ್‌ಬುಕ್. ನನಗೆ ಚಿತ್ರ ಬರೆಯಲು ಬರೋದಿಲ್ಲ. ಆದರೂ ಬರೆದೆ. ಬರೆಯೋಕೆ ಹೋದಾಗಲೇ ಬೆರಳು ಎಷ್ಟು, ಕಾಲು ಯಾವ ಕಡೆ ಮಡಚಿದೆ ಅಂತ ನೋಡುವುದು. ಫೋಟೊ ತೆಗೆಯುವಾಗ ಮೊದಲು ಲೇಬಲ್, ಆಮೇಲೆ ಶಿಲ್ಪ. ಇಷ್ಟು ಸಣ್ಣ ವಿಷಯ ಮೊದಲ ದಿನ ತಲೆಗೆ ಹೋಗಿರಲಿಲ್ಲ.

ಮೊದಲನೆಯದು ಗಣೇಶ. ಏಳು-ಎಂಟನೇ ಶತಮಾನದ್ದು. ನಮ್ಮವನ ಹಾಗೆ ಕೂತಿಲ್ಲ, ನಿಂತಿದ್ದಾನೆ. ಎಡಗೈಯಲ್ಲಿ ಬಟ್ಟಲು, ಸೊಂಡಿಲು ಅದರೊಳಗೆ. ತಿನ್ನುವುದರಲ್ಲಿ ಎಷ್ಟು ಮುಳುಗಿದ್ದಾನೆ ಅಂದರೆ, ಎದುರಿಗೆ ನಿಂತವರ ಪರಿವೆಯೇ ಇಲ್ಲ. ಫೋಟೊ ಮನೆಗೆ ಕಳಿಸಿದೆ. ಅಮ್ಮ ಕೇಳಿದ್ದು ಒಂದೇ ಮಾತು: “ಅದರಲ್ಲಿ ಕಡುಬು ಇದೆಯಾ?”

ಎರಡನೆಯದಕ್ಕೆ ಅರ್ಧ ಗಂಟೆ ಸಾಲಲಿಲ್ಲ. ಮಿ ಸನ್‌ನ ಇ-1 ಅನ್ನುವ ಗುಡಿಯ ಪೀಠ. ಮಿ ಸನ್ ಅಂದರೆ ಇಲ್ಲಿಂದ ಒಂದು-ಒಂದೂವರೆ ಗಂಟೆ ದಾರಿಯ ಕಣಿವೆ, ಚಾಮರ ಇಟ್ಟಿಗೆ ಗುಡಿಗಳ ಗುಂಪು. ಒಂದೊಂದು ಗುಂಪಿಗೆ ಎ, ಬಿ, ಸಿ ಅಂತ ಅಕ್ಷರ, ಒಂದೊಂದು ಗುಡಿಗೆ ನಂಬರ್. ಇ-1ರ ಒಳಗೆ ಲಿಂಗವನ್ನು ಹೊತ್ತಿದ್ದ ಪೀಠ ಇದು, ಏಳನೇ ಶತಮಾನದ ಮರಳುಗಲ್ಲು. ಅಂದರೆ ನಮ್ಮ ಬಾದಾಮಿ ಚಾಲುಕ್ಯರ ಓರಗೆಯದು. ಕಲ್ಲಿನ ಜಾತಿಯೂ ಅದೇ. ಬೇಲೂರಿನ ಬಳಪದ ಕಲ್ಲಿನಲ್ಲಿ ಸರದ ಒಂದೊಂದು ಮಣಿ ಎಣಿಸಬಹುದು, ಮರಳುಗಲ್ಲು ಅಷ್ಟಕ್ಕೆ ಬಗ್ಗೋದಿಲ್ಲ. ಅದರ ಚೆಲುವು ಮೈಯ ತಿರುವಿನಲ್ಲಿ.

ಪೀಠದ ಸುತ್ತ ಪುಟ್ಟ ಪುಟ್ಟ ಕಮಾನು, ಕಮಾನಿನೊಳಗೆ ಋಷಿಗಳು. ಒಬ್ಬ ಧ್ಯಾನಕ್ಕೆ ಕೂತಿದ್ದಾನೆ. ಒಬ್ಬ ಕೊಳಲು ಊದುತ್ತಿದ್ದಾನೆ. ಒಂದು ಕಡೆ ಒಬ್ಬ ಮಲಗಿದ್ದಾನೆ, ಇನ್ನೊಬ್ಬ ಅವನ ಮೈ ಒತ್ತುತ್ತಿದ್ದಾನೆ! ಗರ್ಭಗುಡಿಯೊಳಗಿನ ಪೀಠದ ಮೇಲೆ ಮೈಕೈ ನೋವಿಗೆ ಜಾಗ ಸಿಕ್ಕಿದೆ. ನನಗಂತೂ ನಗು ಬಂತು, ಎರಡು ದಿನದಿಂದ ನನ್ನ ಸೊಂಟವೂ ಹಿಡಿದುಕೊಂಡಿತ್ತು. ನೇರ ನಿಂತು ನೋಡಿದರೆ ಉಬ್ಬು ಅಷ್ಟು ಕಾಣಿಸಲಿಲ್ಲ. ಪಕ್ಕಕ್ಕೆ ಸರಿದು, ಬೆಳಕು ಅಡ್ಡಕ್ಕೆ ಬೀಳುವ ಕಡೆಯಿಂದ ಬಗ್ಗಿ ನೋಡಿದಾಗ ಮುಖಗಳು ಎದ್ದು ಬಂದವು.

ಅದೇ ಗುಡಿಯ ಬಾಗಿಲ ಮೇಲಿನ ಕಲ್ಲೂ ಇಲ್ಲೇ ಇದೆ. ಹಾವಿನ ಮೇಲೆ ಮಲಗಿದ ವಿಷ್ಣು, ಹೊಕ್ಕುಳಿನ ಕಮಲದಿಂದ ಎದ್ದ ಬ್ರಹ್ಮ. ಪಕ್ಕದಲ್ಲಿದ್ದ ಯುರೋಪಿನ ದಂಪತಿ ಲೇಬಲ್ ಓದಿ ಓದಿ ಸಾಕಾಗಿದ್ದರು. ನಾನು ಮೂರು ವಾಕ್ಯದಲ್ಲಿ ಕಥೆ ಹೇಳಿದೆ, ಸ್ವಲ್ಪ ಜಂಬದಿಂದಲೇ.

ಆ ಜಂಬ ಮೂರನೆಯದರ ಮುಂದೆ ಇಳಿಯಿತು. ಪೀಠದ ಸುತ್ತ ಸಾಲಾಗಿ ಹೆಣ್ಣಿನ ಮೊಲೆಗಳು, ಬೇರೆ ಏನೂ ಇಲ್ಲ. ಇದಕ್ಕೆ ತಿಳಿದವರು ಬಳಸುವ ಹೆಸರು ‘ಉರೋಜ’. ಪದ ನಮ್ಮದೇ, ಕನ್ನಡ ಮೇಷ್ಟ್ರು ಅರ್ಥ ಹೇಳಲು ಸಂಕೋಚಪಟ್ಟ ಪದ! ಆದರೆ ಇಂಥ ಪೀಠವನ್ನು ನಾನು ನಮ್ಮ ಕಡೆ ಯಾವ ಗುಡಿಯಲ್ಲೂ ಕಂಡಿಲ್ಲ. ಅಲ್ಲಿಯವರೆಗೂ ಎಲ್ಲವನ್ನೂ ‘ಇದು ನಮ್ಮದು’ ಅಂತ ಗುರುತು ಹಿಡಿಯುತ್ತಾ ಬಂದಿದ್ದೆ. ಇದು ಚಾಮರದ್ದು. ಆಮೇಲೆ ಗಣೇಶನ ಹತ್ತಿರ ವಾಪಸ್ ಹೋಗಿ, ನಮ್ಮವನ ಥರ ಇಲ್ಲದ್ದು ಏನೇನಿದೆ ಅಂತ ಮತ್ತೆ ನೋಡಿದೆ. ಮುಖವೇ ಬೇರೆ. ನಿಲುವೇ ಬೇರೆ.

ಉಳಿದ ಕೋಣೆಗಳನ್ನು ಬೇಗ ಮುಗಿಸಿದೆ, ಕಾಲು ಸೋತಿತ್ತು.

ಅದರ ಮರುದಿನ ಮಿ ಸನ್‌ಗೆ ಹೋದೆ. ಮೊದಲು ಮ್ಯೂಸಿಯಂ, ಆಮೇಲೆ ಜಾಗ. ಈ ಕ್ರಮ ತಾನಾಗಿ ಬಂದದ್ದು, ಒಳ್ಳೆಯದೇ ಆಯಿತು. ಯಾಕೆಂದರೆ ಅಲ್ಲಿ ಇಟ್ಟಿಗೆ ಇದೆ, ಮುಖ್ಯ ಶಿಲ್ಪಗಳು ಜಾಸ್ತಿ ಇಲ್ಲ. ಎಲ್ಲಕ್ಕಿಂತ ಎತ್ತರದ ಎ-1 ಗುಡಿ 1969ರಲ್ಲಿ ಅಮೆರಿಕದ ಬಾಂಬಿಗೆ ಹೋಯಿತು. ಒಂದಷ್ಟು ಗುಡಿಗಳನ್ನು ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೇ ಬಂದು ದುರಸ್ತಿ ಮಾಡಿದ್ದಾರೆ. 2020ರಲ್ಲಿ ಆ ಕೆಲಸ ನಡೆಯುವಾಗ ನೆಲದಲ್ಲಿ ಒಂದು ಮರಳುಗಲ್ಲಿನ ಶಿವಲಿಂಗ ಸಿಕ್ಕಿತ್ತು.

ಇ ಗುಂಪಿನ ಬೋರ್ಡ್ ಹುಡುಕಿಕೊಂಡು ಹೋದೆ. ಇ-1ರದ್ದು ಅಲ್ಲಿ ಹೆಚ್ಚೇನೂ ಉಳಿದಿಲ್ಲ. ನೋಟ್‌ಬುಕ್ ತೆಗೆದು ನನ್ನ ಸೊಟ್ಟ ಚಿತ್ರ ನೋಡಿದೆ: ಮೆಟ್ಟಿಲು, ಕಮಾನು, ಮೈ ಒತ್ತುತ್ತಿರುವ ಋಷಿ. ಪೀಠ ಎಲ್ಲಿ ಇದ್ದಿರಬಹುದು, ಬಾಗಿಲು ಯಾವ ಕಡೆ, ಮಲಗಿದ ವಿಷ್ಣು ಎಷ್ಟು ಎತ್ತರದಲ್ಲಿ ಅಂತ ಕೈ ಮಾಡಿ ಅಳೆಯುತ್ತಾ ನಿಂತೆ. ಹಿಂದೆ ಬಂದ ಇಬ್ಬರು ಹುಡುಗರು ನಾನು ನೋಡುತ್ತಿದ್ದ ಕಡೆಗೇ ನೋಡಿದರು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಒಬ್ಬ ಅದರದ್ದೂ ಒಂದು ಫೋಟೊ ತೆಗೆದುಕೊಂಡ.