ಏಳು ಹೊತ್ತು, ಆರು ಜನ: ಕಾಶಿವರೆಗೂ ಬುತ್ತಿ ಕೆಡಲಿಲ್ಲ

ಕೊನೆಗೂ ಆಯಿತು. ಕಳೆದ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಕಾಶಿಗೆ ಸಂಘಮಿತ್ರ ರೈಲಿನಲ್ಲಿ ಆರು ಜನ ಹೋದೆವು. ಎರಡು ರಾತ್ರಿ, ಹೆಚ್ಚು ಕಡಿಮೆ 45 ಗಂಟೆ. ದಾರಿಯಲ್ಲಿ ಒಂದು ಹೊತ್ತಿನ ಊಟವನ್ನೂ ಹೊರಗೆ ಕೊಳ್ಳಲಿಲ್ಲ. ಕೊಂಡಿದ್ದು ಪ್ಯಾಕೆಟ್ ಮೊಸರು, ಟೀ, ನೀರು, ನಾಗಪುರದಲ್ಲಿ ಎರಡು ಕಿಲೋ ಕಿತ್ತಳೆ. ಅಷ್ಟೇ. ಒಂದು ಪೊಟ್ಟಣವೂ ಹಳಸಲಿಲ್ಲ, ಯಾರ ಹೊಟ್ಟೆಯೂ ಕೆಡಲಿಲ್ಲ. ಇದು ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ನನ್ನ ನಾದಿನಿಯಂತೂ ಹೊರಡುವ ಹಿಂದಿನ ರಾತ್ರಿ ಕೂಡ ಫೋನ್ ಮಾಡಿ, "ಅತ್ತಿಗೆ, ಈಗೆಲ್ಲ ಸೀಟಿಗೇ ಊಟ ತಂದುಕೊಡ್ತಾರೆ, ಸುಮ್ನೆ ಯಾಕೆ ಒದ್ದಾಡ್ತೀರಾ" ಅಂದಳು. ಒದ್ದಾಡಿದ್ದಕ್ಕೆ ಕಾರಣ ಇದೆ.

2019ರಲ್ಲಿ ಮೈದುನನ ಮನೆಗೆ ಅಂತ ದೆಹಲಿಗೆ ಹೋಗಿದ್ದೆವು. ಅದೂ ಎರಡು ರಾತ್ರಿಯ ಪ್ರಯಾಣ. ಆಗಲೂ ಬುತ್ತಿ ಕಟ್ಟಿಕೊಂಡಿದ್ದೆ. ಮೂವತ್ತು ಚಪಾತಿ, ದೊಡ್ಡ ಡಬ್ಬಿ ತುಂಬ ಪುಳಿಯೋಗರೆ. ಅವಸರದಲ್ಲಿ ಬಿಸಿ ಬಿಸಿ ಚಪಾತಿಯನ್ನೇ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಮಾರನೇ ದಿನ ತೆಗೆದರೆ ಮುಚ್ಚಳದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಕೆಳಗಿನ ಏಳೆಂಟು ಚಪಾತಿ ಅಂಟಿಕೊಂಡು ಲೋಳೆ ಬಂದಿತ್ತು. ಪುಳಿಯೋಗರೆಯೂ ಹೋಯಿತು. ಎಲ್ಲ ಎಸೆದು ಹೊರಗಿನ ಊಟ ತರಿಸಿದೆವು, ಹೋಗುವಾಗ ಬರುವಾಗ ಸೇರಿ ಐದೂವರೆ ಸಾವಿರ ಖರ್ಚಾಯಿತು. ದುಡ್ಡು ಹೋದರೆ ಹೋಗಲಿ. ನಮ್ಮತ್ತೆ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ, ಹೊರಗಿನ ಖಾರ ಅವರಿಗೆ ಒಗ್ಗುವುದಿಲ್ಲ. ಎರಡು ದಿನ ಬಾಳೆಹಣ್ಣು, ಬಿಸ್ಕತ್ತಿನಲ್ಲೇ ಕಳೆದರು. ಕೇಳಿದಾಗಲೆಲ್ಲ "ನಂಗೆ ಹಸಿವಿಲ್ಲ ಕಣೇ, ನೀವು ತಿನ್ನಿ" ಅಂದರು. ಇಳಿಯುವಾಗ ಮೆಟ್ಟಿಲ ಹತ್ತಿರ ಅವರ ಕೈ ನಡುಗುತ್ತಿದ್ದುದು ನೋಡಿದೆ. ಅದು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಕಾಶಿಗೆ ಹೋಗಬೇಕು ಅನ್ನುವುದು ಅವರ ಆಸೆ. ಈಗ 74 ವರ್ಷ. ಊಟ ವಸತಿ ಎಲ್ಲ ಸೇರಿದ ಪ್ಯಾಕೇಜ್ ರೈಲಿಗೆ ಕಳಿಸಿ ಅಂತ ಕೆಲವರು ಹೇಳಿದರು. ಆ ಊಟ ಇವರು ತಿನ್ನಬೇಕಲ್ಲ. ಅದಕ್ಕೇ ಸುಮಾರು ಎಂಟು ತಿಂಗಳು ಮನೆಯಲ್ಲೇ ಪರೀಕ್ಷೆ ಮಾಡಿದೆ. ಡಬ್ಬಿ ಕಟ್ಟಿ ಮಹಡಿಯ ಶೀಟ್ ರೂಮಿನಲ್ಲಿ ಇಡುವುದು, 24 ಗಂಟೆಗೆ ಒಂದು, 36ಕ್ಕೆ ಒಂದು, 48ಕ್ಕೆ ಒಂದು ತೆಗೆದು ನೋಡುವುದು. ಬೇಸಿಗೆಯಲ್ಲಿ ಆ ರೂಮು ರೈಲಿಗಿಂತ ಕೆಟ್ಟದಾಗಿ ಕಾಯುತ್ತೆ. ಅಲ್ಲಿ ಉಳಿದಿದ್ದು ಎಲ್ಲಿ ಬೇಕಾದರೂ ಉಳಿಯುತ್ತೆ. ಈ ಪರೀಕ್ಷೆಯಲ್ಲಿ ಒಂದೂವರೆ ಸಾವಿರ ರೂಪಾಯಿಯ ಸಾಮಾನಾದರೂ ಹಾಳಾಗಿರಬೇಕು.

ನನಗೆ ಗೊತ್ತಾಗಿದ್ದು ಒಂದೇ. ಬುತ್ತಿಯ ಶತ್ರು ಹೊತ್ತಲ್ಲ, ನೀರು. ಚಪಾತಿಯ ಹಬೆ, ಒದ್ದೆ ಸೌಟು, ಸರಿಯಾಗಿ ಒರೆಸದ ಡಬ್ಬಿ, ಹಸಿ ತೆಂಗಿನಕಾಯಿ, ಇಷ್ಟೇ ಕೆಡಿಸುವುದು. ಕಾಯಿ ಬೇಕೇ ಬೇಕು ಅನ್ನುವ ಕಡೆ ಕೊಬ್ಬರಿ ಹಾಕಿದೆ.

ಚಪಾತಿ ಹಿಟ್ಟನ್ನು ಹಾಲಲ್ಲಿ ಕಲಸಿದರೆ ಬಾಳಿಕೆ ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಬರಲಿಲ್ಲ. ಮೆತ್ತಗೆ ಚೆನ್ನಾಗಿತ್ತು, ಆದರೆ 30 ಗಂಟೆ ಹೊತ್ತಿಗೆ ಹುಳಿ ವಾಸನೆ. ಎರಡು ಸಲ ಹಾಗೇ ಆಯಿತು, ಬಿಟ್ಟೆ. ಈಗ ಬಿಸಿನೀರು, ಕಿಲೋ ಹಿಟ್ಟಿಗೆ ಒಂದು ಸೌಟು ಎಣ್ಣೆ, ಉಪ್ಪು. ಇನ್ನೊಂದು ಪದಾರ್ಥ ಅತ್ತೆ ಹಾಕಿಸುತ್ತಾರೆ, ಅದನ್ನು ಹೇಳಬೇಡ ಅಂದಿದ್ದಾರೆ, ಹೇಳುವುದಿಲ್ಲ. ಅದಿಲ್ಲದೆಯೂ 40 ಗಂಟೆ ಬರುತ್ತೆ, ನೋಡಿದ್ದೇನೆ. ಮುಖ್ಯ ಇರುವುದು ಬೇಯಿಸಿದ ಮೇಲೆ. ಮಂಚದ ಮೇಲೆ ಒಗೆದ ಪಂಚೆ ಹಾಸಿ ಒಂದೊಂದನ್ನೇ ಹರವಬೇಕು. ಫ್ಯಾನ್ ಹಾಕಿ ಮುಕ್ಕಾಲು ಗಂಟೆ ಬಿಡಬೇಕು, ಮಧ್ಯದಲ್ಲಿ ಒಂದು ಸಲ ಮಗುಚಬೇಕು. ಆರಿದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡಿದರೆ ಗೊತ್ತಾಗಲ್ಲ. ಕೆನ್ನೆಗೆ ಇಟ್ಟು ನೋಡಿ. ಕೈಗೆ ತಣ್ಣಗಿದೆ ಅನ್ನಿಸಿದ ಚಪಾತಿ ಕೆನ್ನೆಗೆ ಇನ್ನೂ ಬೆಚ್ಚಗಿರುತ್ತೆ. ಆ ಬಿಸಿಯೇ ಡಬ್ಬಿಯೊಳಗೆ ನೀರಾಗುವುದು. ಹೊರಡುವ ದಿನ ನಮ್ಮ ಯಜಮಾನರು ಬೆಳಗಿನ ಜಾವ ಎರಡೂವರೆಗೆ ಎದ್ದು ನನ್ನ ಜೊತೆ ಲಟ್ಟಿಸಿದರು. ಐವತ್ತಕ್ಕೂ ಜಾಸ್ತಿ ಚಪಾತಿ. ಅವರದು ದುಂಡಗೆ ಬರುವುದಿಲ್ಲ, ಆದರೆ ಅಂಚು ನನಗಿಂತ ತೆಳ್ಳಗೆ ಬರುತ್ತೆ, ಬೇಗ ಆರುತ್ತೆ.

ಅನ್ನ ಮೊದಲ ದಿನದ ಮಧ್ಯಾಹ್ನಕ್ಕೆ ಮಾತ್ರ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಬೆಂದ ಅನ್ನ ಕೆಟ್ಟಿದ್ದು ಎಷ್ಟೋ ಸಲ ಮೂಗಿಗೆ ತಿಳಿಯುವುದಿಲ್ಲ, ಆಮೇಲೆ ಬಿಸಿ ಮಾಡಿದರೂ ಅದರ ವಿಷ ಹೋಗುವುದಿಲ್ಲ. ಪುಳಿಯೋಗರೆಗೆ ಅನ್ನವನ್ನು ತಟ್ಟೆಯಲ್ಲಿ ಹರವಿ, ಎಳ್ಳೆಣ್ಣೆ ಉಪ್ಪು ಸವರಿ, ಪೂರ್ತಿ ಆರಿದ ಮೇಲೆ ಗೊಜ್ಜು ಕಲಸಿ. ಮೊಸರನ್ನಕ್ಕೆ ಆರಿಸಿದ ಹಾಲು ಜಾಸ್ತಿ, ಮೊಸರು ಒಂದೇ ಚಮಚ. ರೈಲು ಹತ್ತಿ ಊಟದ ಹೊತ್ತಿಗೆ ಅದು ಹದವಾಗಿ ಹೆಪ್ಪಾಗಿರುತ್ತೆ. ಗೊಜ್ಜಿನ ಮಸಾಲೆ ಅಳತೆ ಕೇಳಬೇಡಿ. ಎಣ್ಣೆ ಬಿಡುವವರೆಗೂ ಕುದಿಸಿ, ಆಮೇಲೂ ಇನ್ನೊಂದು ಹತ್ತು ನಿಮಿಷ ಬಿಡಿ, ಅಷ್ಟು ಹೇಳುತ್ತೇನೆ.

ಏಳು ಹೊತ್ತು ಹೀಗೆ ಹಂಚಿದೆ. ಮೊದಲ ಬೆಳಿಗ್ಗೆ ಚಟ್ನಿಪುಡಿ, ಎಳ್ಳೆಣ್ಣೆ ಸವರಿದ ಇಡ್ಲಿ, ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಎಲೆಯಲ್ಲಿ. ಮಧ್ಯಾಹ್ನ ಅನ್ನ. ರಾತ್ರಿ ಚಪಾತಿ, ಹಾಗಲಕಾಯಿ ಗೊಜ್ಜು. ಎರಡನೇ ದಿನ ಬೆಳಿಗ್ಗೆ ಗೊಜ್ಜವಲಕ್ಕಿ. ಅವಲಕ್ಕಿ ತರಿ ಒಂದು ಡಬ್ಬಿ, ಗೊಜ್ಜು ಬೇರೆ ಬಾಟಲಿ, ಕೂತಲ್ಲೇ ನೀರು ಚಿಮುಕಿಸಿ ಕಲಸಿ ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ಮಧ್ಯಾಹ್ನ ಖಡಕ್ ಜೋಳದ ರೊಟ್ಟಿ. ನಮ್ಮದು ಮೈಸೂರು ಕಡೆ, ರೊಟ್ಟಿ ತಟ್ಟುವುದು ನನಗೆ ಬರುವುದಿಲ್ಲ. ಪಕ್ಕದ ಬೀದಿಯಲ್ಲಿ ಕಲಬುರಗಿ ಕಡೆಯ ಅಮ್ಮ ಒಬ್ಬರು ಮಾಡಿ ಮಾರುತ್ತಾರೆ. 30 ರೊಟ್ಟಿಗೆ 240 ರೂಪಾಯಿ. ಅತ್ತೆಗಾಗಿ ಶೇಂಗಾ ಪುಡಿಯನ್ನು ಬೆಳ್ಳುಳ್ಳಿ ಇಲ್ಲದೆ ಬೇರೆ ಕುಟ್ಟಿಕೊಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. "ನಮ್ಮವ್ವನೂ ಕಾಶಿಗೆ ಹೋಗಬೇಕಂತಿದ್ಲು, ಆಗ್ಲಿಲ್ಲ ನೋಡ್ರಿ" ಅಂದರು. ಅತ್ತೆಗೆ ಹಲ್ಲು ಕಮ್ಮಿ. ರೊಟ್ಟಿಯನ್ನು ಸಣ್ಣಗೆ ಮುರಿದು ಮೊಸರಲ್ಲಿ ಕಾಲು ಗಂಟೆ ನೆನೆಸಿ ಮೇಲೆ ಪುಡಿ ಉದುರಿಸಿದೆ. ಎರಡು ಬಟ್ಟಲು ತಿಂದರು. ಎರಡನೇ ರಾತ್ರಿ ಮತ್ತೆ ಚಪಾತಿ, ನೆಲ್ಲಿಕಾಯಿ ತೊಕ್ಕು. ಮೂರನೇ ಬೆಳಿಗ್ಗೆಗೆ ರಾಗಿ ಹುರಿಹಿಟ್ಟು, ಬೆಲ್ಲದ ಪುಡಿ, ಹಾಲಿನ ಪುಡಿ, ಏಲಕ್ಕಿ, ಎಲ್ಲ ಮನೆಯಲ್ಲೇ ಬೆರೆಸಿ ಇಟ್ಟಿದ್ದು.

ಕಟ್ಟುವುದರಲ್ಲೂ ಒಂದು ಕ್ರಮ ಬೇಕು. ದೊಡ್ಡ ಡಬ್ಬಿ ಬೇಡವೇ ಬೇಡ. ಒಂದು ಸಲ ಕೈ ಹಾಕಿದ ಡಬ್ಬಿ ಮುಂದಿನ ಹೊತ್ತಿಗೆ ಇರುವುದಿಲ್ಲ. ಆರು ಜನ, ಏಳು ಹೊತ್ತು ಅಂದರೆ 42 ಪಾಲು, ಆದಷ್ಟನ್ನೂ ಒಬ್ಬೊಬ್ಬರಿಗೆ ಬೇರೆ ಬೇರೆ ಕಟ್ಟಿದೆ. ಒಳಗೆ ಬಾಳೆಎಲೆ ಇಲ್ಲವೇ ಬೆಣ್ಣೆ ಕಾಗದ. ನ್ಯೂಸ್‌ಪೇಪರ್ ಹೊರಗೆ ಮಾತ್ರ, ಅದರ ಇಂಕು ಊಟಕ್ಕೆ ತಾಗಬಾರದು. ಪ್ರತಿ ಕಟ್ಟಿನ ಮೇಲೆ ಮಾರ್ಕರ್‌ನಲ್ಲಿ 1ರಿಂದ 7ರವರೆಗೆ ನಂಬರು. ಬ್ಯಾಗಿನ ತಳದಲ್ಲಿ 7, ಮೇಲೆ 1. ಹೊತ್ತಿಗೆ ಸರಿಯಾಗಿ ತೆಗೆದು ಹಂಚುವುದು ಮಕ್ಕಳ ಕೆಲಸ. ದೊಡ್ಡವಳು ಅಜ್ಜಿಯರಿಗೆ ಕೊಡದೆ ಯಾರಿಗೂ ಕೊಡುತ್ತಿರಲಿಲ್ಲ.

ಬಿಸಿನೀರಿಗೆ ಫ್ಲಾಸ್ಕ್ ಒಂದೇ ದಾರಿ. ಮೊಬೈಲ್ ಚಾರ್ಜಿಂಗ್ ಪ್ಲಗ್‌ಗೆ ಕೆಟಲ್ ಹಾಕುವಂತಿಲ್ಲ, ರೈಲ್ವೆ ನಿಷೇಧಿಸಿದೆ. ಅದು ಸರಿಯೇ, ಬೆಂಕಿ ಹತ್ತಿದರೆ ಇಡೀ ಬೋಗಿಗೆ ಅಪಾಯ. 1,300 ರೂಪಾಯಿ ಕೊಟ್ಟು ದೊಡ್ಡ ಸ್ಟೀಲ್ ಫ್ಲಾಸ್ಕ್ ತಂದೆ. ಅದರಲ್ಲೇ ಅಕ್ಕಿ ಶ್ಯಾವಿಗೆ ಬೇಯಿಸಬಹುದಾ ಅಂತ ಮನೆಯಲ್ಲಿ ನೋಡಿದ್ದೆ. ಶ್ಯಾವಿಗೆ ಮುದ್ದೆಯಾಗಿ ಕುತ್ತಿಗೆಯಲ್ಲಿ ಕಚ್ಚಿಕೊಂಡಿತು. ತೊಳೆದು ವಾಸನೆ ಹೋಗಲು ಎರಡು ದಿನ ಹಿಡಿಯಿತು. ನೀರು ಬಿಟ್ಟು ಬೇರೇನೂ ಹಾಕಬೇಡಿ. ಖಾಲಿಯಾದಾಗ ಪ್ಯಾಂಟ್ರಿಯ ಹುಡುಗರನ್ನು ಕೇಳಿದೆ. ಇಪ್ಪತ್ತು ರೂಪಾಯಿ ಕೊಟ್ಟು ಎರಡು ಚಕ್ಕುಲಿಯನ್ನೂ ಕೊಟ್ಟ ಮೇಲೆ ಅವರೇ ಬಂದು ತುಂಬಿಕೊಟ್ಟರು.

ಟಿಕೆಟ್ ವಿಷಯ ಒಂದು ಹೇಳಲೇಬೇಕು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆರು ಜನರನ್ನೂ ಒಂದೇ ಟಿಕೆಟ್‌ನಲ್ಲಿ ಹಾಕಿದರೆ ವಯಸ್ಸಾದವರಿಗೆ ಕೆಳಗಿನ ಬರ್ತ್ ಕೋಟಾ ಸಿಗುವುದಿಲ್ಲ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರು ಒಬ್ಬರೇ ಇಲ್ಲವೇ ಇಬ್ಬರೇ ಒಂದು ಟಿಕೆಟ್‌ನಲ್ಲಿದ್ದರೆ ಆ ಕೋಟಾ. ಅತ್ತೆಗೂ ಅವರ ತಂಗಿ ಚಿಕ್ಕತ್ತೆಗೂ ಬೇರೆ ಟಿಕೆಟ್ ಮಾಡಿದೆ, ಇಬ್ಬರಿಗೂ ಕೆಳಗಡೆಯೇ ಸಿಕ್ಕಿತು. ಈಗ ಬುಕಿಂಗ್ 60 ದಿನ ಮುಂಚೆ ಮಾತ್ರ ತೆರೆಯುತ್ತೆ, 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು. ಹಿರಿಯರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು, ನಮಗೂ ಸಿಗಲಿಲ್ಲ. ಥರ್ಡ್ ಎಸಿ ಒಬ್ಬರಿಗೆ ಎರಡೂವರೆ ಸಾವಿರದ ಒಳಗೆ ಅಂತ ನೆನಪು. ಬುತ್ತಿಯ ಸಾಮಾನೆಲ್ಲ ಸೇರಿ 2,100ರ ಆಸುಪಾಸು, ಅದರಲ್ಲಿ ಗೊಜ್ಜು, ಪುಡಿಗಳು ವಾಪಸ್ ಬರುವ ದಾರಿಗೂ ಆದವು.

ಹೊತ್ತು ಕಳೆಯುವುದಕ್ಕೆ ಮೊಬೈಲ್ ನಂಬಿಕೊಂಡರೆ ಆಗಲ್ಲ, ಕಾಡು ಬಂದರೆ ನೆಟ್‌ವರ್ಕ್ ಇಲ್ಲ. ಹಳೇ ದಿಂಬಿನ ಬಟ್ಟೆ ಮೇಲೆ ಬಣ್ಣದಲ್ಲಿ ಚೌಕಾಬಾರದ ಮನೆ ಬರೆದಿದ್ದೆ. ಮೊದಲು ಕವಡೆ ತೆಗೆದುಕೊಂಡೆವು. ರೈಲು ಕುಲುಕಿದಾಗ ಉರುಳಿ ಉರುಳಿ ಸೀಟಿನ ಕೆಳಗೆ ಹೋದವು, ಎರಡು ಸಿಗಲೇ ಇಲ್ಲ. ಚಿಕ್ಕತ್ತೆ ತಮ್ಮ ಚೀಲದಿಂದ ಹುಣಸೆಬೀಜ ತೆಗೆದರು. ಗೊಜ್ಜಿಗೆ ನಾನು ಹುಣಸೆ ಬಿಡಿಸುವಾಗ ಬೀಜ ಎತ್ತಿಟ್ಟುಕೊಂಡು, ಕಲ್ಲಿಗೆ ಒಂದು ಮೈ ಉಜ್ಜಿ ಬಿಳಿ ಮಾಡಿದ್ದರಂತೆ. ಒಂದು ಕಡೆ ಕಪ್ಪು, ಒಂದು ಕಡೆ ಬಿಳಿ, ಚಪ್ಪಟೆ. ಬಿದ್ದಲ್ಲೇ ನಿಲ್ಲುತ್ತೆ. ಎದುರಿನ ಸೀಟಿನಲ್ಲಿ ಪಟ್ನಾ ಕಡೆಯ ಇಬ್ಬರು ಹುಡುಗರಿದ್ದರು, ಬೆಂಗಳೂರಲ್ಲಿ ಕೆಲಸ. ಭಾಷೆ ಬರದಿದ್ದರೂ ಜಬಲ್ಪುರ ಬರುವ ಹೊತ್ತಿಗೆ "ಚೌಕಾ! ಬಾರಾ!" ಅಂತ ಕೂಗುತ್ತಿದ್ದರು. ಅತ್ತೆ ಅವರಿಗೂ ಹಾಗಲಕಾಯಿ ಗೊಜ್ಜು ಹಾಕಿಕೊಟ್ಟರು. ಒಬ್ಬ ಎರಡನೇ ಸಲ ಕೇಳಿದ.

ರೈಲು ಮೂರು ಗಂಟೆ ತಡವಾಯಿತು. ಏಳನೇ ಪೊಟ್ಟಣ ಇದ್ದುದರಿಂದ ಚಿಂತೆ ಇರಲಿಲ್ಲ. ಹುರಿಹಿಟ್ಟು ಕುಡಿದು ಕಾಶಿ ಹತ್ತಿರದ ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಹಳೇ ಮೊಘಲ್‌ಸರಾಯ್‌ನಲ್ಲಿ, ಇಳಿದೆವು. ಅತ್ತೆ ನನ್ನ ಕೈ ಹಿಡಿಯದೆ ತಾವೇ ಮೆಟ್ಟಿಲಿಳಿದರು.

ವಾಪಸ್ ಬರುವಾಗ ಏನು ಮಾಡಿದಿರಿ ಅಂತ ಎಲ್ಲರೂ ಕೇಳುತ್ತಾರೆ. ಒಣ ಸಾಮಾನು ಮೊದಲೇ ಜಾಸ್ತಿ ಒಯ್ದಿದ್ದೆ. ಹನುಮಾನ್ ಘಾಟ್ ಹತ್ತಿರ ಇಳಿದುಕೊಂಡಿದ್ದ ಮನೆಯವರು ಒಂದು ಬೆಳಿಗ್ಗೆ ಒಲೆ ಬಿಟ್ಟುಕೊಟ್ಟರು. ನಾನು ಮಕ್ಕಳನ್ನು ಕರೆದುಕೊಂಡು ಗಂಗೆ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಅತ್ತೆ, ಚಿಕ್ಕತ್ತೆ ಇಬ್ಬರೇ ಚಪಾತಿ ಮುಗಿಸಿ, ಆರಿಸಿ, ಕಟ್ಟಿ ಇಟ್ಟಿದ್ದರು. ಈ ಸಲ ಪೊಟ್ಟಣಗಳ ಮೇಲೆ ನಂಬರಿನ ಜೊತೆ ಹೆಸರೂ ಇತ್ತು, ಅತ್ತೆಯ ನಡುಗುವ ಅಕ್ಷರದಲ್ಲಿ. ರೈಲು ಹೊರಟು ಊಟದ ಹೊತ್ತಾದಾಗ ಮಗಳ ಕೈಯಿಂದ ಬ್ಯಾಗು ತೆಗೆದುಕೊಂಡು ನನ್ನ ಹೆಸರಿನದನ್ನೇ ಮೊದಲು ಹುಡುಕಿದರು. "ಕಾಶಿಗೆ ಬರುವಾಗ ಏಳು ಹೊತ್ತೂ ನೀನು ಕೊನೆಗೆ ತಿಂದೆ, ನಾನು ನೋಡ್ತಿದ್ದೆ. ಈಗ ನೀನು ತಿನ್ನು, ಆಮೇಲೆ ನಾವು." ಬಿಚ್ಚಿದರೆ ಚಪಾತಿಯ ನಡುವೆ ಬೆಲ್ಲ ತುಪ್ಪ ಸವರಿತ್ತು. ಬೇರೆ ಯಾರ ಪೊಟ್ಟಣದಲ್ಲೂ ಇರಲಿಲ್ಲ.

ತಂದ ಗಂಗೆಯನ್ನು ರಾಮೇಶ್ವರಕ್ಕೆ ಒಯ್ಯಬೇಕು. ಅದು ಇಷ್ಟು ದೂರ ಇಲ್ಲ, ಬುತ್ತಿ ಸಲೀಸು. ಪಾಂಬನ್‌ನ ಹೊಸ ಸೇತುವೆ ಮೇಲೆ ರೈಲು ಹೋಗುವುದನ್ನು ಮಕ್ಕಳು ನೋಡಬೇಕಂತೆ. ಟಿಕೆಟ್ ಇನ್ನೂ ಮಾಡಿಲ್ಲ. ಅತ್ತೆ ಮಾತ್ರ ನಿನ್ನೆಯೇ ಮೊರದ ತುಂಬ ಹುಣಸೆಹಣ್ಣು ಸುರಿದುಕೊಂಡು ಬೀಜ ಬಿಡಿಸುತ್ತ ಕೂತಿದ್ದರು.