ಸಿಒ2 ಒಣಗಿಸುವ ಗ್ಲೈಕಾಲ್ ಯೂನಿಟ್: ನಾವು ನಡೆಸುವ ರೀತಿ

ಗ್ಲೈಕಾಲ್ ಎಂಬ ದ್ರವ ಅನಿಲದಲ್ಲಿನ ನೀರನ್ನು ಹೀರುತ್ತದೆ; ಕಾಯಿಸಿ ನೀರು ಬಿಡಿಸಿ ಅದನ್ನೇ ಮತ್ತೆ ಬಳಸುತ್ತೇವೆ. ನೀರು ಹೀರಿದ್ದು ರಿಚ್, ನೀರು ಬಿಡಿಸಿದ್ದು ಲೀನ್. ನೈಸರ್ಗಿಕ ಅನಿಲದ ಯೂನಿಟ್‌ನಲ್ಲಿ ಕೈ ಪಳಗಿದವರು ಅದೇ ಲೆಕ್ಕವನ್ನು ಸಿಒ2ಗೂ ಹಚ್ಚಿದರೆ ಎರಡು ಕಡೆ ಪೆಟ್ಟು ತಿನ್ನುತ್ತಾರೆ. ಒಂದು ಒತ್ತಡದ ಆಯ್ಕೆ, ಇನ್ನೊಂದು ರಿಚ್ ಗ್ಲೈಕಾಲ್ ಲೈನು.

ಒತ್ತಡ ಏರಿಸಿದಷ್ಟೂ ಅನಿಲದಲ್ಲಿ ನೀರು ಕಡಿಮೆಯಾಗುತ್ತದೆ ಅನ್ನುವುದು ಸಿಒ2ನಲ್ಲಿ ಸುಮಾರು 50–60 ಬಾರ್ ತನಕ ಮಾತ್ರ ನಿಜ. ಅಲ್ಲಿಂದಾಚೆ ಅನಿಲ ದಟ್ಟವಾಗಿ ನೀರನ್ನು ಮತ್ತೆ ಹೆಚ್ಚು ಹಿಡಿಯುತ್ತದೆ, ಜೊತೆಗೆ ಗ್ಲೈಕಾಲನ್ನೂ ಕರಗಿಸಿಕೊಂಡು ಹೋಗುತ್ತದೆ. ಆದ್ದರಿಂದ ಕಾಂಟ್ಯಾಕ್ಟರ್, ಅಂದರೆ ಅನಿಲಕ್ಕೆ ಗ್ಲೈಕಾಲ್ ತಾಗಿಸುವ ಗೋಪುರ, ಇಡುವುದು ಕಂಪ್ರೆಸರ್ ಹಂತಗಳ ನಡುವೆ, 35–45 ಬಾರ್‌ನಲ್ಲಿ, ಕೂಲರ್ ಮತ್ತು ಸೆಪರೇಟರ್ ದಾಟಿದ ಮೇಲೆ. 40 ಬಾರ್, 40 ಡಿಗ್ರಿಯಲ್ಲಿ ನೀರಿನ ಆವಿ ಒತ್ತಡವನ್ನು ಒಟ್ಟು ಒತ್ತಡದಿಂದ ಭಾಗಿಸಿದರೆ 1,850 ಪಿಪಿಎಂ ಬರುತ್ತದೆ. ನಿಜವಾದ ಅಂಕಿ ಅದಕ್ಕಿಂತ ಗಣನೀಯವಾಗಿ ಹೆಚ್ಚು. ಆ ಭಾಗಾಕಾರವನ್ನು ನಂಬಿ ಗ್ಲೈಕಾಲ್ ಪಂಪ್ ಕೊಂಡರೆ ಚಿಕ್ಕದಾಗುತ್ತದೆ.

ತೆಗೆಯಬೇಕಾದ ಪ್ರತಿ ಕೆಜಿ ನೀರಿಗೆ 25 ಲೀಟರ್ ಟ್ರೈಎಥಿಲೀನ್ ಗ್ಲೈಕಾಲ್, ಅಂದರೆ ಟಿಇಜಿ, ಹರಿಸಿ ಶುರು ಮಾಡುತ್ತೇವೆ. ಡ್ಯೂ ಪಾಯಿಂಟ್ (ಅನಿಲದಲ್ಲಿನ ನೀರು ಹನಿಗಟ್ಟುವ ತಾಪಮಾನ) ಇಳಿಯದಿದ್ದರೆ ಎಲ್ಲರ ಕೈಯೂ ಮೊದಲು ಪಂಪಿನ ಕಡೆಗೇ ಹೋಗುತ್ತದೆ. ಅದನ್ನು ಬಿಟ್ಟು ಲೀನ್ ಗ್ಲೈಕಾಲಿನ ನೀರನ್ನು ಕಾರ್ಲ್ ಫಿಷರ್ ಎಂಬ ರಾಸಾಯನಿಕ ಪರೀಕ್ಷೆಯಲ್ಲಿ ಅಳೆಯಿರಿ. ವಾತಾವರಣದ ಒತ್ತಡದಲ್ಲಿ 204 ಡಿಗ್ರಿಯ ರೀಬಾಯ್ಲರ್, ಅಂದರೆ ಗ್ಲೈಕಾಲ್ ಕಾಯಿಸುವ ಪಾತ್ರೆ, ಕೊಡುವುದು ಸುಮಾರು 98.7% ಶುದ್ಧತೆ, ಅಷ್ಟೇ. ಪೈಪ್‌ಲೈನಿಗೆ 500 ಪಿಪಿಎಂ ಸಾಕೆಂದರೆ ಇದು ಸಾಕು. 50ರೊಳಗೆ ಬೇಕೆಂದರೆ ಬಿಸಿ ಗ್ಲೈಕಾಲಿನೊಳಗೆ ಹಾಯಿಸಿ ಉಳಿದ ನೀರನ್ನು ಹೊರಡಿಸುವ ಸ್ಟ್ರಿಪ್ಪಿಂಗ್ ಗ್ಯಾಸ್ ಇಲ್ಲದೆ ಆಗದು. ಶಾಖ ಏರಿಸಿ ಸಾಧಿಸಲು ಹೋದರೆ ಟಿಇಜಿಯೇ ಒಡೆದು ಕಪ್ಪಾಗುತ್ತದೆ. ನಾವು ಸ್ಟ್ರಿಪ್ಪಿಂಗಿಗೆ ನೈಟ್ರೋಜನ್ ಬಳಸುವುದಿಲ್ಲ, ಒಣಗಿದ ಸಿಒ2ಯನ್ನೇ ಸ್ವಲ್ಪ ತಿರುಗಿಸುತ್ತೇವೆ. ರೀಬಾಯ್ಲರ್ ಮೇಲಿನ ಸ್ಟಿಲ್ ಕಾಲಂನಿಂದ ಹೊರಬರುವುದನ್ನು ತಂಪು ಮಾಡಿ, ನೀರು ಬೇರ್ಪಡಿಸಿ, ಕಂಪ್ರೆಸರಿನ ಮೊದಲ ಹಂತದ ಸಕ್ಷನ್‌ಗೆ ಕಳಿಸಬಹುದು. ಉತ್ಪನ್ನವೂ ಕೆಡುವುದಿಲ್ಲ, ಅನಿಲವೂ ಪೋಲಾಗುವುದಿಲ್ಲ.

ಲೀನ್ ಗ್ಲೈಕಾಲ್ ಕಾಂಟ್ಯಾಕ್ಟರಿಗೆ ಹೋಗುವಾಗ ಅನಿಲಕ್ಕಿಂತ 5–8 ಡಿಗ್ರಿ ಬಿಸಿ ಇರಲಿ, ಹೆಚ್ಚು ಬೇಡ.

ಈಗ ರಿಚ್ ಲೈನು. 40 ಬಾರ್‌ನಲ್ಲಿ ಟಿಇಜಿ ಮೀಥೇನಿಗಿಂತ ಎಷ್ಟೋ ಹೆಚ್ಚು ಸಿಒ2 ಕುಡಿದಿರುತ್ತದೆ. ಲೆವೆಲ್ ಕಂಟ್ರೋಲ್ ವಾಲ್ವ್ ದಾಟಿ 4 ಬಾರ್‌ನ ಕರಗಿದ ಅನಿಲ ಬಿಡಿಸುವ ಫ್ಲ್ಯಾಶ್ ಡ್ರಮ್ಮಿಗೆ ಬರುವಾಗ ಅದೆಲ್ಲ ಒಮ್ಮೆಲೆ ಬಿಟ್ಟುಕೊಂಡು ಪೈಪು ಗಡಗಡ ನಡುಗುತ್ತದೆ, ವಾಲ್ವಿನ ಪ್ಲಗ್ ಮತ್ತು ಸೀಟು ಸವೆಯುತ್ತವೆ. ವಾಲ್ವನ್ನು ಡ್ರಮ್ಮಿಗೆ ಒತ್ತಿ ಇಡಿ, ನಡುವೆ ಬೆಂಡ್ ಬೇಡ. ರಿಚ್ ಸ್ಯಾಂಪಲ್ ಬಾಟಲಿಗೆ ಹಿಡಿದರೆ ಸೋಡಾದಂತೆ ನೊರೆಯುಕ್ಕುತ್ತದೆ. ಅನಿಲ ಹೋದಂತೆ ಪಿಎಚ್ ಮೀಟರಿನ ಅಂಕಿಯೂ ಮೇಲೇರುತ್ತ ಹೋಗುತ್ತದೆ, ಆ ಅಂಕಿಗೆ ಬೆಲೆಯಿಲ್ಲ. ಲೀನ್ ಸ್ಯಾಂಪಲನ್ನು ಸಮಪಾಲು ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿ ಅಳೆಯಿರಿ, 7ರಿಂದ 8.5ರೊಳಗೆ ಇರಬೇಕು. ಇಳಿದರೆ ಆಮ್ಲ ತಗ್ಗಿಸುವ ಅಮೈನ್ ಹನಿಹನಿಯಾಗಿ ಹಾಕಿ. ಒಮ್ಮೆಲೆ ಸುರಿದರೆ ಕಾಂಟ್ಯಾಕ್ಟರ್ ನೊರೆ ಕಟ್ಟಿ ಗ್ಲೈಕಾಲ್ ಅನಿಲದ ಜೊತೆ ಹೊರಟುಹೋಗುತ್ತದೆ. ಸವೆತ ಹೆಚ್ಚು ಕಾಣುವುದು ಸ್ಟಿಲ್ ಕಾಲಂನ ತಲೆಯಲ್ಲಿ, ಕಂಡೆನ್ಸರ್‌ನಲ್ಲಿ: ಅಲ್ಲಿ ತಣಿದು ಇಳಿಯುವ ನೀರು ಸಿಒ2 ತುಂಬಿದ ಕಾರ್ಬಾನಿಕ್ ಆಮ್ಲ. ಕಾರ್ಬನ್ ಸ್ಟೀಲ್ ಬೇಡ, 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಹಾಕಿ.

ರಿಚ್ ಗ್ಲೈಕಾಲಿನ ಒತ್ತಡದಲ್ಲೇ ಓಡುವ ಪಂಪ್ ವಿದ್ಯುತ್ ಉಳಿಸುತ್ತದೆ, ನಿಜ. ಅದರ ಸೀಲ್ ಸೋರಿದರೆ ರಿಚ್ ಲೀನ್‌ಗೆ ಬೆರೆಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮೋಟಾರಿನ ಪ್ಲಂಜರ್ ಪಂಪೇ ನನ್ನ ಆಯ್ಕೆ.

ನಿಲುಗಡೆಯಲ್ಲಿ ಒತ್ತಡ ಇಳಿಸುವಾಗ ಆತುರ ಬೇಡ. ಓ-ರಿಂಗಿನೊಳಗೆ ಹೊಕ್ಕ ಸಿಒ2 ಬೇಗ ಹೊರಬಂದರೆ ರಬ್ಬರು ಗುಳ್ಳೆಯೆದ್ದು ಬಿರಿಯುತ್ತದೆ. ಕತ್ತರಿಸಿ ನೋಡಿದರೆ ಒಳಗೆಲ್ಲ ಸೀಳು. ಇದಕ್ಕೆಂದೇ ಪರೀಕ್ಷಿಸಿದ ರಬ್ಬರನ್ನೇ ಕೇಳಿ ತರಿಸಿ. ಎಲ್ಲಾದರೂ ದ್ರವ ಸಿಒ2 ನಿಂತಿದ್ದರೆ 5.2 ಬಾರ್‌ಗಿಂತ ಕೆಳಗೆ ಅದು ಒಣ ಮಂಜುಗಡ್ಡೆಯಾಗಿ ಡ್ರೈನ್ ಕಟ್ಟಿಕೊಳ್ಳುತ್ತದೆ. ಡ್ರೈನ್ ತೆರೆದರೂ ಏನೂ ಬರಲಿಲ್ಲವೆಂದರೆ ಖಾಲಿಯಾಗಿದೆ ಎಂದುಕೊಂಡು ಫ್ಲ್ಯಾಂಜ್ ಬಿಚ್ಚಬೇಡಿ.