1990ರ ಮಾಸ್ಕೋದಲ್ಲಿ ದಿನಸಿ ತರುವ ಕ್ರಮ

ಕ್ಲಾಸಿಗೆ ಹೊರಡಿ, ಸಿನಿಮಾಕ್ಕೆ ಹೊರಡಿ, ಅವೋಸ್ಕಾ ಮಾತ್ರ ಜೇಬಿನಲ್ಲೇ ಇರಲಿ. ಅದು ದಾರದ ಬಲೆಚೀಲ. ಮುದುರಿದರೆ ಮುಷ್ಟಿಯೊಳಗೆ ಅಡಗುತ್ತೆ, ಬಿಚ್ಚಿದರೆ ವಾರದ ಆಲೂಗಡ್ಡೆ ಹೊರುತ್ತೆ. ಯಾವ ಅಂಗಡಿಗೆ ಯಾವಾಗ ಏನು ಬರುತ್ತೋ ಯಾರಿಗೂ ಗೊತ್ತಿರಲ್ಲ. ಸಾಲು ಕಂಡಲ್ಲಿ ಮೊದಲು ನಿಲ್ಲಿ, ಏನು ಕೊಡ್ತಿದ್ದಾರೆ ಅಂತ ಆಮೇಲೆ ಕೇಳಿ.

ಸಾಲಿಗೂ ಒಂದು ಶಾಸ್ತ್ರವಿದೆ. ಲುಮುಂಬಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಹಾಸ್ಟೆಲಿನ ಬಾಗಿಲು ಕಾಯುವ ಅಜ್ಜಿ ನನಗೆ ಹೇಳಿಕೊಟ್ಟಿದ್ದು ಇದನ್ನೇ. "ಕ್ತೋ ಪಸ್ಲೇದ್ನಿ?" (ಕೊನೆಯವರು ಯಾರು?) ಅಂತ ಕೂಗಿದರೆ ಕೊನೆಯವರು ಕೈಯೆತ್ತುತ್ತಾರೆ. ಅವರ ಶಾಲಿನ ಬಣ್ಣ ನೆನಪಿಟ್ಟುಕೊಳ್ಳಿ. ಚಳಿಗಾಲದ ಟೋಪಿ ನಂಬಬೇಡಿ, ಎಲ್ಲರದೂ ಒಂದೇ ಥರ. ನಿಮ್ಮ ಹಿಂದೆ ಇನ್ನೊಬ್ಬರು ಬಂದ ಮೇಲೆ ಅವರಿಗೆ ಹೇಳಿ ಪಕ್ಕದ ಸಾಲಿಗೆ ಹೋಗಬಹುದು. ಹೇಳದೆ ಹೋದಿರೋ, ವಾಪಸು ಬಂದಾಗ ಇಡೀ ಸಾಲೇ ವಕೀಲರಾಗುತ್ತೆ.

ಒಳಗೆ ಹೋದರೂ ಮುಗಿಯಲಿಲ್ಲ. ಕೌಂಟರಿನಲ್ಲಿ 300 ಗ್ರಾಂ ಕೊಲ್ಬಸಾ, ಅಂದರೆ ಮಾಂಸದ ಸಾಸೇಜ್, ತೂಗಿಸಿ. ಕಿಲೋಗೆ 2 ರೂಬಲ್ 20 ಕೊಪೆಕ್ ಆದರೆ 66 ಕೊಪೆಕ್. ಆ ಲೆಕ್ಕ ಬಾಯಲ್ಲಿ ಹೇಳಿಕೊಳ್ಳುತ್ತಾ ಕ್ಯಾಷ್ ಕೌಂಟರಿನ ಸಾಲಿಗೆ ಹೋಗಿ. ಅಲ್ಲಿನ ಕ್ಯಾಷಿಯರ್ ಹೆಂಗಸು ಲೆಕ್ಕದ ಮಣಿಚೌಕಟ್ಟಿನಲ್ಲಿ ಮಣಿ ಸರಿಸಿ, ದುಡ್ಡು ತಗೊಂಡು ಚೀಟಿ ಕೊಡುತ್ತಾಳೆ. ಚೀಟಿ ಹಿಡಿದು ಮತ್ತೆ ಕೌಂಟರಿಗೆ. ಜೊತೆಗೊಬ್ಬ ಗೆಳೆಯ ಇದ್ದರೆ ಅರ್ಧ ಸಂಜೆ ಉಳಿಯುತ್ತೆ.

ಸಕ್ಕರೆಗೆ ತಲೋನ್, ಅಂದರೆ ರೇಷನ್ ಚೀಟಿ ಬೇಕು. 1985ರಲ್ಲಿ ಗೋರ್ಬಚೇವ್ ವೋಡ್ಕಾಗೆ ಕಡಿವಾಣ ಹಾಕಿದ ಮೇಲೆ ಜನ ಮನೆಯಲ್ಲೇ ಭಟ್ಟಿ ಇಳಿಸತೊಡಗಿದರು, ಸಕ್ಕರೆ ಅಲ್ಲಿಗೆ ಹೋಯಿತು. ಆನೆ ಚಿತ್ರದ ಪೊಟ್ಟಣ ಕಂಡರೆ ಬಿಡಬೇಡಿ, ಅದು ನಮ್ಮ ದೇಶದ ಚಹಾ. ಜಾರ್ಜಿಯಾದ ಎಲೆ ಬೆರೆಸಿರುತ್ತಾರೆ, ಇರಲಿ. ಎರಡು ಸಿಕ್ಕರೆ ಒಂದು ಬಾಗಿಲ ಅಜ್ಜಿಗೆ ಕೊಡಿ. ರಾತ್ರಿ ತಡವಾಗಿ ಬಂದಾಗ ಉಪಯೋಗಕ್ಕೆ ಬರುತ್ತೆ.

ಬ್ರೆಡ್ ಅಂಗಡಿಯಲ್ಲಿ ದಾರಕ್ಕೆ ಕಟ್ಟಿದ ಫೋರ್ಕ್ ಇರುತ್ತೆ. ಅದರಿಂದ ಒತ್ತಿ ನೋಡಿ: ಮೆತ್ತಗಿದ್ದರೆ ಇವತ್ತಿನದು. ಕೈಯಿಂದ ಮುಟ್ಟಿದರೆ ಬೈಗುಳ ಖಂಡಿತ.

ದೊಡ್ಡ ನೋಟು ಕೂಡಿಡಬೇಡಿ. 1991ರ ಜನವರಿ 22ರ ರಾತ್ರಿ ಟಿವಿಯಲ್ಲಿ ಹಳೇ 50, 100 ರೂಬಲ್ ನೋಟು ರದ್ದು ಅಂದರು. ನಮ್ಮ 2016ರಂತೆಯೇ, ಆದರೆ ಬದಲಿಸಲು ಮೂರೇ ದಿನ. ಮೆಟ್ರೋಗೆ ಅಂತ 5 ಕೊಪೆಕ್ ನಾಣ್ಯ ಗುಡ್ಡೆ ಹಾಕಿಕೊಂಡಿದ್ದರೆ ಅದನ್ನೂ ಏಪ್ರಿಲ್ 2ರೊಳಗೆ ಖಾಲಿ ಮಾಡಿ. ಅವತ್ತಿನಿಂದ ಟಿಕೆಟ್ 15 ಕೊಪೆಕ್.